ಬೇರೆಲ್ಲೂ ಇಲ್ಲದ್ದು

ಕಾರು ಪೆಟಾಲಿಂಗ್ ಜಯಾದ ಟೋಲ್ ದಾಟಿ ಹೆದ್ದಾರಿಗೆ ಬಂದ ಮೇಲೂ ಗುರುದತ್ ಮಲಯ್ ಭಾಷೆಯ ಪಾಠ ಒಪ್ಪಿಸುವುದನ್ನು ನಿಲ್ಲಿಸಲಿಲ್ಲ. "ನಾಮ ಸಯಾ ಗುರುದತ್. ಸಯಾ ತಿಂಗ್ಗಲ್ ದಿ ಪೆಟಾಲಿಂಗ್ ಜಯಾ." ನನ್ನ ಹೆಸರು ಇಂಥದ್ದು, ನಾನು ಇಂಥಲ್ಲಿ ಇರುವವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನಾಶಾಸ್ತ್ರ ಕಲಿಸಿದ ಮನುಷ್ಯ, ಅವನ ಕೈಕೆಳಗೆ ಕಲಿತವರು ಊರೂರಿನ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆ ಮಾಡುತ್ತಿದ್ದಾರೆ, ಈಗ ಸ್ಟಿಯರಿಂಗಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ ಒಂದನೇ ತರಗತಿಯವರ ಹಾಗೆ ಉರು ಹೊಡೆಯುತ್ತಿದ್ದಾನೆ. ಪಕ್ಕದಲ್ಲಿ ಕೂತ ಸರೋಜಿನಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವಳ ತೊಡೆಯ ಮೇಲೆ ದಪ್ಪನೆಯ ಒಂದು ಫೈಲು ಇತ್ತು. ಅದರೊಳಗೆ ಲಂಡನ್ನಿನಿಂದ, ಲೈಡನ್ನಿನಿಂದ ಬಂದ ಶಿಫಾರಸು ಪತ್ರಗಳು. ಎಲ್ಲದರಲ್ಲೂ ಒಂದು ಪದ ಸಾಮಾನ್ಯವಾಗಿತ್ತು: ಅಸಾಧಾರಣ. ಆ ಪದ ತನ್ನ ಹೆಸರಿನ ಪಕ್ಕದಲ್ಲಿ ಕೂತಿರುವುದನ್ನು ನೋಡಿದಾಗಲೆಲ್ಲ ಅವಳಿಗೆ ಮದುವೆ ಮನೆಯಲ್ಲಿ ಯಾರದೋ ಒಡವೆ ಎರವಲು ತೊಟ್ಟು ನಿಂತ ಹಾಗೆ ಕುತ್ತಿಗೆ ತುರಿಸುತ್ತಿತ್ತು. ಮಣ್ಣಿನ ಕಣದಷ್ಟು ದೊಡ್ಡ ಬಸವನಹುಳುಗಳನ್ನು ನೋಡುತ್ತ ಬದುಕು ಕಳೆದವರು ಇಡೀ ಜಗತ್ತಿನಲ್ಲಿ ಬೀದಿಬದಿಯ ಒಂದು ಮಾಮಕ್ ಹೋಟೆಲಿನ ಮೇಜಿನ ಸುತ್ತ ಹಿಡಿಸಿಯಾರು. ಅಷ್ಟು ಜನರಲ್ಲಿ ಅಸಾಧಾರಣಳಾಗುವುದು ಎಷ್ಟರ ಮಾತು? ಬೇರೆ ಯಾರಿಗೂ ಬೇಡವಾದದ್ದನ್ನು ಹೆಕ್ಕುತ್ತ ಹೋದದ್ದಕ್ಕೆ ಒಂದು ದೇಶ ನೀನು ಇಲ್ಲೇ ಇರು ಎನ್ನಬಹುದೇ? ಅನ್ನದೆಯೂ ಇರಬಹುದು. ಗುರುದತ್‌ನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ವಯಸ್ಸಾಯಿತೆಂದು ಕಾಲೇಜು ಮುಂದುವರಿಸಲು ಒಪ್ಪಿಲ್ಲ. ಅವನ ಕೆಲಸ ಹೋದರೆ ಅವನ ವೀಸಾ ಹೋಗುತ್ತದೆ, ಅದರ ಬಾಲಕ್ಕೆ ಕಟ್ಟಿಕೊಂಡ ಅವಳದ್ದೂ. ಖಾಯಂ ನಿವಾಸದ ಅರ್ಜಿಗಾಗಿ ಇರುವ ಇವತ್ತಿನ ಸಂದರ್ಶನದಲ್ಲಿ ಏನಾದರೂ ಎಡವಟ್ಟಾದರೆ ಮಣಿಪಾಲದ ಫ್ಲ್ಯಾಟಿಗೆ ಸುಣ್ಣ ಬಳಿಸಲು ಹೇಳಬೇಕು ಎಂದು ಅವನು ಆಗಲೇ ಯಾರಿಗೋ ಫೋನು ಮಾಡಿದ್ದು ಅವಳಿಗೆ ಗೊತ್ತು.

"ತಿಂಗ್ಗಲ್ ಅಂದರೆ ವಾಸ ಅಲ್ವಾ? ತಿಂಗಳು ಅಂದ ಹಾಗೆ ಕೇಳ್ತದೆ ಮಾರಾಯ್ತಿ," ಎಂದ ಗುರುದತ್.

"ಸರಿ ಉಂಟು. ಗಾಬರಿ ಮಾಡಿಕೊಳ್ಳಬೇಡಿ. ಮಾತಾಡಿಸಿದರೆ ನನ್ನನ್ನೇ ಹೆಚ್ಚು ಮಾತಾಡಿಸ್ತಾರೆ."

ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ಅವನು ರಸ್ತೆಯನ್ನೇ ನೋಡುತ್ತ "ಹೌದೌದು, ನೀನೇ ಅಲ್ವಾ ಮೈನ್," ಎಂದ. ಮೈನ್ ಎಂಬುದು ಅರ್ಜಿಯ ಭಾಷೆ. ಮುಖ್ಯ ಅರ್ಜಿದಾರರು ಸರೋಜಿನಿ, ಅವಲಂಬಿತರು ಗುರುದತ್. ಈ ಎರಡು ಸಾಲು ಅಚ್ಚಾಗಿ ಮೊದಲ ಸಲ ಪ್ರಿಂಟರಿನಿಂದ ಹೊರಬಂದಾಗ ಅವಳ ಎದೆಯಲ್ಲಿ ಒಂದು ಸಣ್ಣ, ಸಿಹಿಯಾದ ಏನೋ ಹರಿದುಹೋಗಿತ್ತು. ಅದು ಸಂತೋಷವೆಂದು ಗುರುತಿಸಲು ಒಂದು ಗಳಿಗೆ ಹಿಡಿಯಿತು, ಕೆಟ್ಟ ಸಂತೋಷವೆಂದು ಗುರುತಿಸಲು ಇನ್ನೊಂದು. ಅವತ್ತಿನಿಂದ ಅವನಿಗೆ ಚಹಾ ಕೊಡುವಾಗ, ಅವನು ಬನಿಯನ್ನಿನಲ್ಲಿ ಬಾಲ್ಕನಿಯಲ್ಲಿ ನಿಂತು ಎಲ್‌ಆರ್‌ಟಿ ರೈಲು ಹೋಗುವುದನ್ನು ನೋಡುವಾಗ, ಅದು ನೆನಪಾಗಿ ಅವಳಿಗೆ ಮುಖ ತಗ್ಗಿಸುವಂತಾಗುತ್ತಿತ್ತು. ಅವನು ಏನು ಮಾಡಿದ್ದ? ಏನೂ ಮಾಡಿರಲಿಲ್ಲ. ಮೂರು ವರ್ಷದ ಶ್ರೀಯಾಳನ್ನು ಎತ್ತಿಕೊಂಡು ಇಪೋ ಪಟ್ಟಣಕ್ಕೆ ಬಂದಿಳಿದಾಗ ಅವಳ ಪಾಸ್‌ಪೋರ್ಟಿನ ಮೇಲೆ ಬಿದ್ದ ಮೊಹರಿನಲ್ಲಿ ಯಾವ ಉದ್ಯೋಗವನ್ನೂ ಮಾಡತಕ್ಕದ್ದಲ್ಲ ಎಂದಿತ್ತು. ಉಡುಪಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವಳು ಅದನ್ನು ಓದಿ ಪುಸ್ತಕ ಮುಚ್ಚಿದಳು. ಆ ಮೊಹರು ಒತ್ತಿದ್ದು ಅವನಲ್ಲವಲ್ಲ. ಆದರೂ ಪ್ರತಿ ವರ್ಷ ಅದು ಹೊಸದಾಗಿ ಬೀಳುವಾಗ ಅವನು ಪಕ್ಕದ ಕೌಂಟರಿನಲ್ಲಿ ಯಾರ ಜೊತೆಗೋ ನಗುತ್ತ ಮಾತಾಡುತ್ತಿರುತ್ತಿದ್ದ. ಅಷ್ಟೇ. ಅಷ್ಟಕ್ಕೇ ಇಷ್ಟು ವರ್ಷ ಮನಸ್ಸಿನ ಯಾವುದೋ ಮೂಲೆಯಲ್ಲಿ ಅವಳು ತನ್ನ ಸರದಿಗೆ ಕಾದಿದ್ದಳೇ?

ಫೋನು ಮಿಡಿಯಿತು. ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಶ್ರೀಯಾ ಕೆಲಸದ ನಡುವೆ ಮಾತಾಡುತ್ತಿದ್ದಳು. "ಆಲ್ ದ ಬೆಸ್ಟ್ ಅಮ್ಮಾ. ಟೆಲ್ ಅಪ್ಪಾ ಟು ಜಸ್ಟ್ ಸ್ಮೈಲ್, ಲಾ. ಹಿಸ್ ಮಲಯ್ ಈಸ್ ಅ ಡಿಸಾಸ್ಟರ್."

"ಕೇಳಿತು ನನಗೆ," ಎಂದ ಗುರುದತ್. ಮೂವರೂ ನಕ್ಕರು. ಅವನ ನಗು ಸ್ವಲ್ಪ ಬೇಗ ನಿಂತಿತು.

ಪುತ್ರಜಯದ ರಸ್ತೆಗಳು ಯಾರೋ ಬರುವವರಿಗಾಗಿ ಕಾಯುತ್ತಿರುವ ಹಾಗೆ ಅಗಲವಾಗಿ, ಖಾಲಿಯಾಗಿ ಇದ್ದವು. ವಲಸೆ ಕಚೇರಿಯ ಹಾಲಿನಲ್ಲಿ ಮಾತ್ರ ಜನ ತುಂಬಿದ್ದರು. ಟೋಕನ್ ಹಿಡಿದು ಕೂತ ಮುಖಗಳಲ್ಲಿ ಎಲ್ಲ ದೇಶಗಳೂ ಇದ್ದವು: ಮಡಿಲಲ್ಲಿ ಕೂಸು ಹಾಕಿಕೊಂಡ ಇಂಡೋನೇಷ್ಯಾದ ಹೆಂಗಸು, ಇಸ್ತ್ರಿ ಮಾಡಿದ ಅಂಗಿಯ ಬಾಂಗ್ಲಾದವನು, ಇಲ್ಲೇ ಹುಟ್ಟಿ ಇನ್ನೂ ಇಲ್ಲಿನವಳಾಗದ ಒಬ್ಬ ತಮಿಳು ಮುದುಕಿ. ಮುದುಕಿ ಸರೋಜಿನಿಯ ಹಣೆಯ ಬೊಟ್ಟು ನೋಡಿ "ಎನ್ನಮ್ಮಾ, ಉಂಗಳುಕ್ಕುಮಾ?" ಎಂದು ಕೇಳಿದಳು. ನಿಮಗೂ ಇದೇ ಪಾಡೇ ಎಂಬಂತೆ. ಸರೋಜಿನಿ ಹೌದೆಂದು ತಲೆಯಾಡಿಸಿದಳು. ಮುದುಕಿ ಅರ್ಜಿ ಯಾವ ವರ್ಗದ್ದು ಎಂದು ಕೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು. ಏನೆಂದು ಹೇಳುವುದು? ಅಜ್ಜಿ, ನೀವು ಇಲ್ಲಿ ಹುಟ್ಟಿದ್ದೀರಿ, ಅದು ಸಾಧಾರಣ; ನಾನು ಹೊರಗಿನಿಂದ ಬಂದು ಹುಳು ನೋಡಿದೆ, ಅದು ಅಸಾಧಾರಣ. ಫೈಲನ್ನು ಸೀರೆಯ ಮಡಿಕೆಗೆ ಒತ್ತಿ ಹಿಡಿದಳು. ಗೋಡೆಯ ಮೇಲಿನ ಪರದೆಯಲ್ಲಿ ಅಂಕಿಗಳು ಬದಲಾಗುತ್ತಿದ್ದವು. ಹಾಲಿನ ತಣ್ಣನೆಯ ಗಾಳಿಯಲ್ಲಿ ಅವಳಿಗೆ ಇಪೋದ ಆ ಬಿಸಿಲಿನ ವಾಸನೆ ಬಂತು. ಶ್ರೀಯಾಳನ್ನು ಶಿಶುವಿಹಾರಕ್ಕೆ ಬಿಟ್ಟು, ಮನೆಗೆ ಹೋಗಲು ಮನಸ್ಸಿಲ್ಲದೆ ಸುಮ್ಮನೆ ನಡೆಯುತ್ತ ಹೋದ ದಿನ. ಚಕ್ಕೋತ ತೋಟದ ಹಿಂದೆ, ನೆಲ ಸಪಾಟಾಗಿರುವಲ್ಲೇ, ಯಾವ ಸೂಚನೆಯೂ ಇಲ್ಲದೆ ಗೋಡೆಯ ಹಾಗೆ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬೆಟ್ಟ. ಒಂದು ಕಾಲದಲ್ಲಿ ಅದು ಸಮುದ್ರದ ತಳ. ಲೆಕ್ಕಕ್ಕೆ ಸಿಗದಷ್ಟು ಸಣ್ಣ ಜೀವಗಳ ಚಿಪ್ಪುಗಳು ಒಂದರ ಮೇಲೊಂದು ಬಿದ್ದು ಕಲ್ಲಾದದ್ದು. ಪಾಠದಲ್ಲಿ ಎಷ್ಟೋ ಸಲ ಹೇಳಿದ್ದ ಮಾತು. ಎದುರಿಗೆ ನಿಂತಾಗ ಬಾಯಿ ಒಣಗಿತು. ಬುಡದ ಮಣ್ಣನ್ನು ಒಂದು ಹಿಡಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು, ಸಾಂಬಾರಿನ ಪಾತ್ರೆಯಲ್ಲಿ ನೀರು ತುಂಬಿ ಸುರಿದಳು. ಮಣ್ಣು ಮುಳುಗಿತು. ನೀರಿನ ಮೇಲೆ ಒಂದಿಷ್ಟು ಬಿಳಿಯ ಪುಡಿ ತೇಲಿ ನಿಂತಿತು. ಒಳಗೆ ಗಾಳಿ ಹಿಡಿದಿಟ್ಟುಕೊಂಡ ಖಾಲಿ ಚಿಪ್ಪುಗಳು. ಭೂತಗನ್ನಡಿಯಲ್ಲಿ ನೋಡಿದಾಗ, ಒಂದೊಂದು ಪುಡಿಯೂ ಒಂದೊಂದು ಶಂಖ. ಒಂದಕ್ಕೆ ಪಕ್ಕೆಲುಬುಗಳು, ಒಂದಕ್ಕೆ ಕಹಳೆಯ ಬಾಯಿ, ಒಂದು ತನ್ನನ್ನು ತಾನೇ ಮುರಿದುಕೊಂಡು ಬೇರೆ ದಿಕ್ಕಿಗೆ ಸುತ್ತಿಕೊಂಡು ಹೋಗಿದೆ. ಒಲೆಯ ಮೇಲೆ ಬೇಳೆ ಸೀದು ಹೋಗಿ ಮನೆಯೆಲ್ಲ ಹೊಗೆ. ಇದನ್ನೆಲ್ಲ ಯಾರೂ ನೋಡದಿದ್ದರೂ ಇದು ಹೀಗೇ ಇರುತ್ತಿತ್ತು ಎನ್ನುವುದೇ ಅವಳನ್ನು ನಿಂತಲ್ಲೇ ಅಲುಗಾಡದಂತೆ ಮಾಡಿತ್ತು.

ಮರುವಾರ ಗುರುದತ್ ತನ್ನ ಕಾಲೇಜಿನವರು ಮೂಲೆಗೆ ಹಾಕಿದ್ದ ಒಂದು ಹಳೆಯ ಸೂಕ್ಷ್ಮದರ್ಶಕವನ್ನು ಕೇಳಿ ತಂದುಕೊಟ್ಟಿದ್ದ. "ತಗೋ, ನಿನಗೆ ಹೊತ್ತು ಹೋಗ್ಲಿಕ್ಕೆ," ಎಂದಿದ್ದ. ಹೊತ್ತು ಹೋಗಲಿಕ್ಕೆ. ಆ ಮಾತು ಅವಳ ಜೊತೆ ಪೆಟಾಲಿಂಗ್ ಜಯಾಕ್ಕೂ ಬಂತು, ಪಿಎಚ್‌ಡಿಗೂ ಬಂತು, ವಿಶ್ವವಿದ್ಯಾಲಯ ಅವಳಿಗೊಂದು ಕೋಣೆ ಕೊಟ್ಟಾಗ ಅಲ್ಲಿಗೂ ಬಂದು ಕೂತಿತು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಕನ್ನಡದವರ ಊಟದ ಪಂಕ್ತಿಯಲ್ಲಿ ಯಾರೋ ಅವಳ ಸಂಶೋಧನೆಯ ಬಗ್ಗೆ ಕೇಳಿದಾಗ "ನಾನೀಗ ಬಸವನಹುಳುವಿನ ಯಜಮಾನ ಮಾರಾಯ್ರೇ," ಎಂದು ಅವನು ಎಲ್ಲರನ್ನೂ ನಗಿಸಿದ್ದ. ಹೋಳಿಗೆ ಬಡಿಸುತ್ತಿದ್ದ ಗೆಳತಿ ರತ್ನ ಅವಳ ಮುಖ ನೋಡಿ ಇನ್ನೊಂದು ಹೋಳಿಗೆ ಹಾಕಿದ್ದಳು, ಪಾಪ ಎಂಬಂತೆ. ಊಟದ ಮೇಜಿನ ಒಂದು ತುದಿಯಲ್ಲಿ ಆ ಸೂಕ್ಷ್ಮದರ್ಶಕ ಇಂದಿಗೂ ಇದೆ. ಅವನು ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಾನೆ. ಒಮ್ಮೆಯೂ ಇದರಲ್ಲೇನಿದೆ ಎಂದು ಬಗ್ಗಿದವನಲ್ಲ.

ಅವರ ಅಂಕಿ ಬಂತು. ಒಳಗಿನ ಸಣ್ಣ ಕೋಣೆಯಲ್ಲಿ ಕೂತಿದ್ದ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು; ತಿಳಿ ನೀಲಿ ಬಣ್ಣದ ತಲೆವಸ್ತ್ರ, ಎದೆಯ ಮೇಲೆ ರೊಹಾನಾ ಎಂಬ ಹೆಸರಿನ ಫಲಕ. ಮೇಜಿನ ಮೇಲೆ ಮುಚ್ಚಳ ಹಾಕಿದ ಚಹಾದ ಲೋಟ. ಆಕೆ ಫೈಲನ್ನು ನಿಧಾನವಾಗಿ ಮಗುಚುತ್ತ ಹೋದರು. ಒಂದು ಪುಟದಲ್ಲಿ ನಿಂತರು. ಬಹಳ ದೊಡ್ಡದು ಮಾಡಿ ಅಚ್ಚು ಹಾಕಿದ ಚಿಪ್ಪಿನ ಚಿತ್ರ.

"ಇದು ನಿಜವಾಗಿ ಎಷ್ಟು ದೊಡ್ಡದು, ಡಾಕ್ಟರ್?" ಎಂದು ಮಲಯ್‌ನಲ್ಲಿ ಕೇಳಿದರು.

ಸರೋಜಿನಿಗೆ ಮಲಯ್ ಸುಲಭ. ಬೆಟ್ಟಗಳ ಬುಡದ ಹಳ್ಳಿಗಳಲ್ಲಿ, ಬಾಳೆಕಾಯಿ ಕರಿಯುವ ಹೆಂಗಸರ ಜೊತೆ ಕಲಿತದ್ದು. ಮೇಜಿನ ಮೇಲೆ ಬಿದ್ದಿದ್ದ ಒಂದು ಸಕ್ಕರೆಯ ಹರಳನ್ನು ಬೆರಳಿನಿಂದ ತೋರಿಸಿ, "ಇದಕ್ಕಿಂತ ಸ್ವಲ್ಪ ದೊಡ್ಡದು," ಎಂದಳು.

ರೊಹಾನಾ ಸಕ್ಕರೆಯ ಹರಳನ್ನು ನೋಡಿದರು. ಚಿತ್ರವನ್ನು ನೋಡಿದರು. "ಯಾ ಅಲ್ಲಾ," ಎಂದರು, ಬಹಳ ಮೆಲ್ಲಗೆ. ಆಮೇಲೆ ಕಚೇರಿಯ ದನಿಗೆ ಮರಳಿ, "ನೀವು ಇಲ್ಲಿ ಯಾಕೆ ಖಾಯಂ ಆಗಿ ಇರಬೇಕು? ಈ ಕೆಲಸ ನಿಮ್ಮ ದೇಶದಲ್ಲೂ ಮಾಡಬಹುದಲ್ಲ?"

ಉತ್ತರ ತಯಾರಿತ್ತು. ದೇಶದ ಜೀವವೈವಿಧ್ಯಕ್ಕೆ ಕೊಡುಗೆ, ಮುಂದಿನ ಪೀಳಿಗೆಯ ಸಂಶೋಧಕರಿಗೆ ತರಬೇತಿ, ಇನ್ನೂ ಏನೇನೋ. ವಾಕ್ಯಗಳೆಲ್ಲ ಸಾಲಾಗಿ ಬಂದು ಬಾಯಿಯ ಹತ್ತಿರ ನಿಂತವು. ಅವುಗಳನ್ನು ಬಿಟ್ಟು ಬೇರೆ ಯಾವುದೋ ಹೊರಗೆ ಬಂತು. "ಬುಕಿತ್ ಇತು ತಾಕ್ ಬೊಲೆ ಪಿಂದಾ." ಆ ಬೆಟ್ಟ ಜಾಗ ಬದಲಾಯಿಸಲಾರದು. ಹೇಳಿ, ತಾನೇ ಬೆಚ್ಚಿ, ವಿವರಿಸಲು ಹೊರಟಳು: "ಈ ಹುಳು ಆ ಒಂದು ಬೆಟ್ಟದಲ್ಲಿ ಮಾತ್ರ ಇದೆ, ಮ್ಯಾಡಂ. ಪಕ್ಕದ ಬೆಟ್ಟದಲ್ಲೂ ಇಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬೆಟ್ಟದ ಒಂದು ಮಗ್ಗುಲನ್ನು ಕಲ್ಲುಕ್ವಾರಿಯವರು ತೆಗೆದಿದ್ದಾರೆ. ಉಳಿದ ಮಗ್ಗುಲಿನಲ್ಲಿ ಇದೆ. ನೋಡುತ್ತ ಇರಬೇಕು. ಅದಕ್ಕೆ." ಕೊನೆಯ ಪದಕ್ಕೆ ಬರುವಾಗ ದನಿ ಬಿದ್ದುಹೋಯಿತು. ಅಸಾಧಾರಣ ಪ್ರತಿಭೆಯವರು ಹೀಗೆ ಮಾತಾಡುವುದಿಲ್ಲ ಅನ್ನಿಸಿತು.

ರೊಹಾನಾ ಏನೋ ಬರೆದುಕೊಂಡರು. ಆಮೇಲೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ ಗುರುದತ್‌ನನ್ನು ನೋಡಿದರು. "ಪ್ರೊಫೆಸರ್, ನೀವು ಮಲಯ್‌ನಲ್ಲಿ ಹೇಳಿ. ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ?"

ಹೆಸರು, ವಾಸ, ಮಕ್ಕಳು, ಊಟ ಇಷ್ಟೇ ಅವನು ಕಲಿತು ಬಂದದ್ದು. ಈ ಪ್ರಶ್ನೆ ಪಾಠದಲ್ಲಿ ಇರಲಿಲ್ಲ. ಅವನ ಕುತ್ತಿಗೆ ಕೆಂಪಗಾದದ್ದನ್ನು ಸರೋಜಿನಿ ಓರೆಗಣ್ಣಿನಲ್ಲಿ ನೋಡಿದಳು. ನೂರಾರು ವಿದ್ಯಾರ್ಥಿಗಳ ಎದುರು ಒಂದು ಚೀಟಿಯನ್ನೂ ನೋಡದೆ ಮಾತಾಡುವ ಮನುಷ್ಯ ಮೊಣಕಾಲಿನ ಮೇಲೆ ಅಂಗೈ ಒರೆಸಿಕೊಂಡ. ಅವನ ಪರವಾಗಿ ತಾನೇ ಹೇಳಿಬಿಡಲೇ? ಹೇಳಿದರೆ ಇನ್ನೂ ಅವಮಾನ. ಪ್ರಿಂಟರಿನ ಎದುರು ಅವಳೊಳಗೆ ಹರಿದುಹೋಗಿದ್ದ ಸಿಹಿ ಈಗ ಹುಳಿಯಾಗಿ ಗಂಟಲಿಗೆ ಬಂತು.

"ಇಸ್ತೆರಿ ಸಯಾ," ಎಂದ ಗುರುದತ್. ನನ್ನ ಹೆಂಡತಿ. ನಿಲ್ಲಿಸಿದ. "ಇಸ್ತೆರಿ ಸಯಾ ಚಾರಿ ಸಿಪುತ್." ನನ್ನ ಹೆಂಡತಿ ಬಸವನಹುಳು ಹುಡುಕುತ್ತಾಳೆ.

ರೊಹಾನಾರ ತುಟಿಯ ಅಂಚು ಅಲುಗಿತು. "ಉಂತುಕ್ ಮಕಾನ್?" ತಿನ್ನಲಿಕ್ಕೋ?

"ಬುಕಾನ್, ಬುಕಾನ್ ಮಕಾನ್!" ಅವನು ಎರಡೂ ಕೈ ಆಡಿಸಿದ. "ತೆಂಗೊಕ್. ತೆಂಗೊಕ್ ಸಾಜಾ." ತಿನ್ನಲಿಕ್ಕಲ್ಲ, ನೋಡಲಿಕ್ಕೆ, ಬರೇ ನೋಡಲಿಕ್ಕೆ. ಇಷ್ಟಕ್ಕೆ ಅವನ ಮಲಯ್ ಮುಗಿಯಿತು. ಮುಗಿದ ಮೇಲೂ ಅವನು ನಿಲ್ಲಿಸಲಿಲ್ಲ. ಬಲಗೈ ತೋರುಬೆರಳನ್ನು ಗಾಳಿಗೆ ಎತ್ತಿದ. ಕಪ್ಪುಹಲಗೆಯ ಎದುರು ಹಾಗೆ ಎತ್ತುತ್ತಿದ್ದ ಬೆರಳು. ಮೊದಲು ಒಂದು ಬಿಗಿಯಾದ ಸುತ್ತು. ಅದರ ಮೇಲೆ ಇನ್ನೊಂದು, ಸ್ವಲ್ಪ ಅಗಲ. ಆಮೇಲೆ ಮಣಿಕಟ್ಟನ್ನು ಓರೆ ಮಾಡಿ ಸುತ್ತನ್ನು ಪಕ್ಕಕ್ಕೆ ಹೊರಳಿಸಿದ. ಅಲ್ಲಿಂದ ಕೆಳಕ್ಕೆ ತಂದು, ಇನ್ನೇನು ಮುಗಿಯಿತು ಅನ್ನುವಾಗ ಹಿಂದಕ್ಕೆ ತಿರುಗಿಸಿ, ಚಿಪ್ಪಿನ ಬಾಯಿಯನ್ನು ಮೇಲ್ಮುಖವಾಗಿ ಅರಳಿಸಿ, ಅಂಗೈಯನ್ನು ಕಹಳೆಯ ಹಾಗೆ ತೆರೆದು ಹಿಡಿದ. ಇಂಗ್ಲಿಷಿನಲ್ಲಿ, ಕ್ಷಮೆ ಕೇಳುವ ದನಿಯಲ್ಲಿ ಹೇಳಿದ: "ನಮ್ಮ ಕಿವಿಯ ಒಳಗೂ ಒಂದು ಶಂಖ ಉಂಟು ಮ್ಯಾಡಂ. ನಲವತ್ತು ವರ್ಷ ಅದನ್ನು ಕಲಿಸಿದ್ದೇನೆ. ಅದು ಎರಡೂವರೆ ಸುತ್ತು ಸುತ್ತಿ ಸುಮ್ಮನಾಗ್ತದೆ. ಎಲ್ಲರಿಗೂ ಹಾಗೇ. ಇವಳ ಈ ಹುಳು ಹಾಗಲ್ಲ. ಅರ್ಧದಲ್ಲಿ ಅದಕ್ಕೆ ಮನಸ್ಸು ಬದಲಾಗ್ತದೆ. ಬೇರೆ ಕಡೆ ತಿರುಗ್ತದೆ. ಮತ್ತೆ ಪುನಃ ತಿರುಗ್ತದೆ. ಯಾಕೆ ಅಂತ ನನಗೆ ಇನ್ನೂ ಗೊತ್ತಾಗಲಿಲ್ಲ. ಚಂತಿಕ್. ತುಂಬಾ ಚಂತಿಕ್." ಚೆಂದ ಎಂಬ ಪದ ಅವನಿಗೆ ಗೊತ್ತಿತ್ತು.

ಸರೋಜಿನಿಗೆ ಕೋಣೆ ಒಮ್ಮೆ ದೂರ ಹೋಗಿ ಹತ್ತಿರ ಬಂದಂತಾಯಿತು. ಪ್ರಬಂಧಗಳಲ್ಲಿ ಅಚ್ಚಾದ ಚಿತ್ರಗಳೆಲ್ಲ ಎದುರಿನಿಂದ ತೆಗೆದವು. ಆ ಕೊನೆಯ ತಿರುವು ಅವುಗಳಲ್ಲಿ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಒದ್ದೆ ಕುಂಚದ ತುದಿಯಿಂದ ಚಿಪ್ಪನ್ನು ಮಗುಚಿ ಹಾಕಿ, ಮಸೂರವನ್ನು ಹದಕ್ಕೆ ತಂದು, ಬಹಳ ಹೊತ್ತು ನೋಡಬೇಕು. ಎಷ್ಟೋ ವರ್ಷಗಳಿಂದ ಬೆಳಿಗ್ಗೆ ಸ್ನಾನ ಮಾಡಿ ಬಂದು ಮೇಜಿನ ಎದುರು ಕೂತರೆ ಸೂಕ್ಷ್ಮದರ್ಶಕ ಮಸುಕಾಗಿರುತ್ತಿತ್ತು. ತಾನು ಬಿಟ್ಟು ಹೋದ ಹಾಗೆ ಇರುತ್ತಿರಲಿಲ್ಲ. ವಯಸ್ಸಾಯಿತು, ಕಣ್ಣು ಹೋಗುತ್ತಿದೆ ಎಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎರಡು ಕನ್ನಡಕ ಬದಲಾಯಿಸಿದ್ದಳು. ಗುರುದತ್ ಕನ್ನಡಕ ತೆಗೆದಿಟ್ಟು ನೋಡುವವನು. ಅವನ ಕಣ್ಣಿಗೆ ಹದವಾದದ್ದು ಅವಳ ಕಣ್ಣಿಗೆ ಮಸುಕು. ಬಚ್ಚಲುಮನೆಯಲ್ಲಿ ನೀರಿನ ಸದ್ದು ಕೇಳುತ್ತಿರುವಷ್ಟು ಹೊತ್ತು ಅವನು ಅಲ್ಲಿ ಬಗ್ಗಿ ನಿಂತಿರುತ್ತಿದ್ದ. ನೀರು ನಿಂತ ಕೂಡಲೇ ಪತ್ರಿಕೆ ಎತ್ತಿಕೊಳ್ಳುತ್ತಿದ್ದನೇನೋ. ಯಾಕೆ ಹೇಳಲಿಲ್ಲ? ಕೇಳಲಿಕ್ಕೆ ಅವಳಿಗೂ ಬಾಯಿ ಇತ್ತು, ತಾನೂ ಒಮ್ಮೆಯೂ ಬಾ ನೋಡು ಎಂದು ಕರೆದಿರಲಿಲ್ಲವಲ್ಲ. ಹೊತ್ತು ಹೋಗಲಿಕ್ಕೆ ಎಂಬ ಒಂದು ಮಾತನ್ನು ಅಡ್ಡ ಇಟ್ಟುಕೊಂಡು ಇಷ್ಟು ಕಾಲ ಅವನಿಗೆ ಬಾಗಿಲು ಹಾಕಿಕೊಂಡವಳು ತಾನು. ಪಕ್ಕದಲ್ಲಿ ಕೂತ ಈ ನರೆಗೂದಲಿನ, ಬೆವರಿದ ಮನುಷ್ಯನನ್ನು ಅವಳು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಬೆಟ್ಟದ ಎದುರು ನಿಂತ ದಿನದ ಹಾಗೆಯೇ ಬಾಯಿ ಒಣಗಿತ್ತು.

ರೊಹಾನಾ ತಾವೂ ಗಾಳಿಯಲ್ಲಿ ಬೆರಳು ಸುತ್ತಿಸಿ ನೋಡಿ, ಅರ್ಧಕ್ಕೆ ದಾರಿ ತಪ್ಪಿ, ನಕ್ಕುಬಿಟ್ಟರು. "ಯಾವುದಾದರೂ ಒಂದು ಸಿಪುತ್‌ಗೆ ಪ್ರೊಫೆಸರರ ಹೆಸರು ಇಟ್ಟಿದ್ದೀರಾ ಡಾಕ್ಟರ್?"

"ಇಲ್ಲ," ಎಂದಳು ಸರೋಜಿನಿ.

"ಮಲಯ್ ಕಲಿಯಬೇಕು ಪ್ರೊಫೆಸರ್," ಎಂದು ರೊಹಾನಾ ಗದರುವ ಹಾಗೆ ಹೇಳಿ ಫೈಲು ಮುಚ್ಚಿದರು. ತೀರ್ಮಾನ ಮೇಲಿನವರದ್ದು, ಪತ್ರ ಬರುತ್ತದೆ, ಅಲ್ಲಿಯವರೆಗೆ ತಾತ್ಕಾಲಿಕ ಪಾಸ್ ಕೊಡಿಸುತ್ತೇನೆ ಎಂದರು. ಪತ್ರ ಬರಲು ದೀಪಾವಳಿ ಕಳೆಯಬೇಕಾಯಿತು. ಮಂಜೂರಾಗಿದೆ ಎಂಬ ಸಾಲನ್ನು ಗುರುದತ್ ಎರಡು ಸಲ ಗಟ್ಟಿಯಾಗಿ ಓದಿದ, ಖಾಯಂ ನಿವಾಸಿಗಳ ಕೆಂಪು ಗುರುತುಚೀಟಿ ಕೈಗೆ ಬಂದ ದಿನ ಅವಳಿಗೆ ಜ್ವರ ಬಂದು ಅದನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗಿದಳು. ಆದರೆ ಸಂದರ್ಶನದ ಆ ಮಧ್ಯಾಹ್ನ, ಕಾರು ನಿಲ್ಲಿಸಿದ್ದಲ್ಲಿಗೆ ಇಬ್ಬರೂ ನಡೆಯುವಾಗ, ಇದು ಯಾವುದೂ ಗೊತ್ತಿರಲಿಲ್ಲ.

ಗುರುದತ್ ಕೀಲಿ ಹಾಕಿ, ಕಾರು ಹೊರಡಿಸದೆ ಕೂತ. "ಇಲ್ಲಿಂದ ಇಪೋಗೆ ಹೋದರೆ ಬಿಸಿಲು ಇರುವಾಗ ಮುಟ್ಟಬಹುದಾ?"

"ಈಗಲಾ? ನಿಮ್ಮ ಮೊಣಕಾಲು?"

"ಮೊಣಕಾಲು ಎಲ್ಲಿಗೆ ಹೋಗ್ತದೆ, ಅದೂ ಬರ್ತದೆ."

ದಾರಿಯಲ್ಲಿ ಊಟ ತಪಾವ್ ಎಂದು ಕಟ್ಟಿಸಿಕೊಂಡು ಕಾರಿನಲ್ಲೇ ತಿಂದರು. ಬಾಳೆಲೆಯ ವಾಸನೆ ತುಂಬಿಕೊಂಡಿತು. ಹೇಳಬೇಕಾದದ್ದು ಅವಳ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಕೊನೆಗೆ "ನಿಮ್ಮನ್ನು ಅವಲಂಬಿತ ಅಂತ ಬರೆದಾಗ ಬೇಜಾರಾಯ್ತಾ?" ಎಂದು ಕೇಳಿದಳು. ಅವನು ಒಂದು ಲಾರಿಯನ್ನು ದಾಟಿಸಿ, ಎಡಕ್ಕೆ ಬಂದು, ಕನ್ನಡಿ ನೋಡಿಕೊಂಡು, "ಆಯ್ತು," ಎಂದ. ಮುಂದಿನ ಟೋಲ್ ದಾಟಿದ ಮೇಲೆ, "ನಿನಗೂ ಆಗಿರಬೇಕು, ಇಷ್ಟು ವರ್ಷ," ಎಂದ. ಅವಳು ಹ್ಞೂಂ ಎಂದಳು.

ಚಕ್ಕೋತ ತೋಟದ ಹಿಂದೆ ಬೆಟ್ಟ ಇತ್ತು. ಕ್ವಾರಿಯ ಮಗ್ಗುಲು ಕೊಯ್ದ ಹಾಗೆ ಬೆಳ್ಳಗೆ, ಉಳಿದದ್ದು ಹಸಿರು, ಕಪ್ಪು. ಗುರುದತ್ ತಲೆ ಎತ್ತಿ ನೋಡಿದ, ಇನ್ನೂ ಎತ್ತಿದ, ಕೊನೆಗೆ ಹಿಂದಕ್ಕೆ ಬೀಳದಂತೆ ಅವಳ ಭುಜ ಹಿಡಿದುಕೊಂಡ. ಕಚೇರಿಗೆಂದು ಹಾಕಿಕೊಂಡ ಪಾಲಿಶ್ ಬೂಟು ಕೆಸರಿನಲ್ಲಿ ಹೂತಿತು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಮುಂದೆ ನಡೆದಳು. ಹಿಂದೆ ಅವನು ಏದುಸಿರು ಬಿಡುತ್ತ ಬೇರು ಹಿಡಿದು ಬಂದ. ನೀರು ಒಸರುವ ಒಂದು ಮೂಲೆಯಲ್ಲಿ ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ಬಂಡೆಯನ್ನು ಹುಡುಕಿದಳು. ಪಾಚಿಯ ಮೇಲೆ, ಸುಣ್ಣದ ಚುಕ್ಕೆಗಿಂತ ಬೇರೆಯಾಗಿ ಕಾಣದ ಒಂದು ಚುಕ್ಕೆ.

"ಬನ್ನಿ. ಇಲ್ಲಿ. ಉಸಿರು ಅದಕ್ಕೆ ತಾಗಬಾರದು. ತಾಗಿದರೆ ಒಳಗೆ ಹೋಗ್ತದೆ."

ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿ, ಅವಳು ಕೈಚೀಲದಿಂದ ತೆಗೆದು ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಮಸೂರವನ್ನು ತೆಗೆದುಕೊಂಡು ಬಂಡೆಗೆ ಮುಖ ಕೊಟ್ಟು ನಿಂತ. ಇಷ್ಟು ವರ್ಷ ಅವನು ಕದ್ದು ನೋಡಿದ್ದೆಲ್ಲ ಖಾಲಿ ಚಿಪ್ಪುಗಳು. ಬೆಟ್ಟದ ಆಚೆಯಿಂದ ಯಂತ್ರದ ಸದ್ದು ಕೇಳುತ್ತಿತ್ತು. ಅವನಿಗೆ ಕೇಳಿಸಿದ ಹಾಗಿರಲಿಲ್ಲ. ಚಿಪ್ಪಿನ ಕಹಳೆಯಂಥ ಬಾಯಿಯಿಂದ ಈಗ ಗಾಜಿನಂಥ ಮೈಯೊಂದು ಹೊರಗೆ ಬರುತ್ತಿರಬೇಕು; ಎರಡು ಎಳೆ ಕೊಂಬು, ಬುಡದಲ್ಲಿ ಸೂಜಿಮೊನೆಯಷ್ಟು ಕಪ್ಪು ಕಣ್ಣು. ಅವಳು ಅದನ್ನು ನೋಡಲಿಲ್ಲ. ಅವನ ಕತ್ತಿನ ಹಿಂದೆ ಬೆವರು ಇಳಿಯುವುದನ್ನು, ಉಸಿರು ಹಿಡಿದಿದ್ದಕ್ಕೆ ಭುಜ ಸ್ವಲ್ಪವೇ ನಡುಗುವುದನ್ನು ನೋಡುತ್ತ ನಿಂತಳು.

"ಸರೋಜಾ," ಎಂದು ಅವನು ತುಟಿ ಅಲುಗದ ಹಾಗೆ ಹೇಳಿದ, "ಇದು ನಡೀತಾ ಉಂಟು."

ಬಹಳ ಹೊತ್ತಾದರೂ ಅವನು ಮಸೂರವನ್ನು ವಾಪಸು ಕೊಡಲಿಲ್ಲ. ಅವಳು ಕೇಳಲಿಲ್ಲ.